ಪುಟ್ಟಿ ಹಾಲು

ಅಮ್ಮಾ,
ಸಿಟ್ಟು ಇಳಿಯುವ ಮುಂಚೆ ಬರೆದುಬಿಡುತ್ತೇನೆ. ಈ ಅಂಚೆ ಕಾರ್ಡನ್ನು ನಿನಗಿಂತ ಮೊದಲು ಅಪ್ಪ ಓದುತ್ತಾರೆ, ಓದಲಿ.

ಕಾಲೇಜಿನವರು ನನ್ನನ್ನು ತರಬೇತಿಗೆ ಕಳಿಸಿರುವ, ಯಾರಿಗೂ ಕನ್ನಡ ಬಾರದ ಈ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಫ್ರಿಜ್ಜು. ಪುಟ್ಟಿಗೆಂದು ಹಿಂಡಿದ ಎದೆಹಾಲನ್ನು ಬೆಳಿಗ್ಗೆ ಅದರಲ್ಲಿಟ್ಟು, ಮಧ್ಯಾಹ್ನ ಎದುರಿನ ಶಿಶುವಿಹಾರಕ್ಕೆ ಕೊಟ್ಟು ಬರುತ್ತೇನೆ. ನಿನ್ನೆ ಹನ್ನೆರಡಕ್ಕೆ ನೋಡಿದರೆ ಬಾಟಲಿ ಖಾಲಿ! ನಮ್ಮ ಹಿರಿಯ ಇಂಜಿನಿಯರ್ ಅದನ್ನು ಕಾಫಿಗೆ ಸುರಿದುಕೊಂಡು ಕುಡಿದಿದ್ದ.

“ಹೆಸರು ಬರೆದಿಡಬೇಕಿತ್ತಮ್ಮ,” ಅಂತ ನನಗೇ ಬುದ್ಧಿ ಹೇಳಿದ.

“ಬರೆದಿದ್ದೀನಲ್ಲ ಸರ್, ಇಷ್ಟು ದಪ್ಪಕ್ಕೆ!”

“ಓ, ಅದು ಅಕ್ಷರಾನಾ? ಬಳ್ಳಿ ಚಿತ್ರ ಅಂದ್ಕೊಂಡೆ.”

ಮೂರು ದಿನದಿಂದ ನಿದ್ದೆಯಿಲ್ಲದ ಮಂಪರಿನಲ್ಲಿ, ನೀನು ಅಡುಗೆಮನೆ ಡಬ್ಬಿಗಳಿಗೆ ಚೀಟಿ ಬರೆದು ಅಂಟಿಸುವ ಹಾಗೆಯೇ, ಗುಂಡಗೆ ‘ಪುಟ್ಟಿ ಹಾಲು’ ಅಂತ ಕನ್ನಡದಲ್ಲಿ ಬರೆದಿದ್ದೆ. ಎಲ್ಲರೂ ನಕ್ಕರು. ಹಸಿದದ್ದು ಅವರ ಮಗುವಲ್ಲವಲ್ಲ! ಪುಟ್ಟಿ ಪುಡಿ ಹಾಲು ಮುಟ್ಟದೆ, ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. ಓದಲು ಬಾರದಿದ್ದರೆ ಬೇಡ, ತನ್ನದಲ್ಲ ಅಂತಲಾದರೂ ತಿಳಿಯಬಾರದೇ? ತರಬೇತಿ ಮುಗಿದಾಗ ಪ್ರಮಾಣಪತ್ರಕ್ಕೆ ಅವನ ರುಜು ಬೇಕಲ್ಲ, ಬಾಟಲಿ ತೊಳೆದಿಟ್ಟು ಕೆಲಸಕ್ಕೆ ಕೂತೆ.

ಪುಟ್ಟಿ ಈಗ ಹುಷಾರಾಗಿದ್ದಾಳೆ, ತೂಕವೂ ಸರಿಯಿದೆ. ನನಗೆ ತಲೆನೋವು ಬಿಟ್ಟರೆ ಬೇರೇನಿಲ್ಲ.

ಇವತ್ತು ಬಾಟಲಿಯ ಮೇಲೆ ಅವರ ಭಾಷೆಯಲ್ಲೇ ಬರೆದೆ. ಅದರ ಕೆಳಗೆ ಕನ್ನಡದಲ್ಲಿ, ‘ಮುಟ್ಟಿದರೆ ಕೈ ಮುರಿಯುತ್ತೇನೆ’ ಅಂತಲೂ ಸೇರಿಸಿದೆ. ಅವನು ಬಗ್ಗಿ ನೋಡಿ, “ಈ ಸಲ ಬಳ್ಳಿ ಇನ್ನೂ ಚೆನ್ನಾಗಿ ಬಂದಿದೆ,” ಅಂದ.

“ಹೂಂ ಸರ್, ಮುಳ್ಳಿದೆ, ಹುಷಾರು,” ಅಂದೆ.

ಜಾಗ ಮುಗಿಯಿತು.
ನಿನ್ನ ಮಗಳು