ಪೂಜೆಗೆ ಕೂತ ಚೆಂಡು

ಅಕ್ಟೋಬರ್ ೧, ಆಯುಧಪೂಜೆ. ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ, ಬೇಜಾರಾಗಬೇಡ ಪುಸ್ತಕವೇ.

ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಕೋಚ್ ನಂಜುಂಡ ಸಾರ್ ಆರು ವರ್ಷದಲ್ಲಿ ಒಂದೂ ಪಂದ್ಯ ಗೆಲ್ಲಿಸಿಲ್ಲ. ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ನೋಡಲು ಇಂದು ಪ್ರಿನ್ಸಿಪಾಲರೇ ಮೈದಾನಕ್ಕೆ ಬಂದರು. ಕೈಯಲ್ಲಿ ಎಸೆದು ಹಿಡಿಯುವ ಮೊಟ್ಟೆಯಾಕಾರದ ಚೆಂಡು ಇರುವುದು ಒಂದೇ, ಅದೂ ಪೂಜೆಯಲ್ಲಿತ್ತು, ನಾಳೆವರೆಗೆ ಮುಟ್ಟುವಂತಿಲ್ಲ.

"ತೆಂಗಿನಕಾಯೂ ಅದೇ ಶೇಪ್ ಕಣ್ರೋ, ಸಿಪ್ಪೆ ಸಮೇತ ಎಸೀರಿ," ಎಂದರು ಸಾರ್.

ಕಾಲ ಮೇಲೆ ಬಿದ್ದೀತೆಂಬ ಭಯಕ್ಕೆ ಎಸೆದ ಕಾಯನ್ನು ಒಬ್ಬ ಹುಡುಗನೂ ಕೈಬಿಡಲಿಲ್ಲ.

"ಎಂಥಾ ಕ್ಯಾಚಿಂಗು ರೀ! ಇನ್ನೊಂದ್ ವರ್ಷ ಇರಿ," ಎಂದರು ಪ್ರಿನ್ಸಿಪಾಲರು.

ಆಮೇಲೆ ಸಾರ್ ಕೇಳಿದರು, "ಚೆಂಡನ್ನ ಪೂಜೆಗೆ ಇಟ್ಟೋರು ಯಾರಮ್ಮ?" ಬೈಯಲು ಕೇಳಿದರೋ ಹೊಗಳಲೋ ತಿಳಿಯದೆ, "ನಾನೇ ಸಾರ್," ಎಂದೆ.

ಬೆಳಿಗ್ಗೆ ಕಾಲೇಜು ಗುಡಿಸುವ ನನ್ನ ಪೊರಕೆಗೆ ಕುಂಕುಮ ಇಟ್ಟು ಹೂ ಮುಡಿಸಿ, ಮಿಕ್ಕಿದ ಸೇವಂತಿಗೆಯನ್ನು ಚೆಂಡಿಗೆ ಸುತ್ತಿದ್ದೆ.