ಉಂಡ ದೀಪ

ಗಾಣದ ಓಣಿ, ಬಿಸಿಲುಸೀಮೆ
ಕ್ರಿ.ಶ. ೨೨೦೬, ಫೆಬ್ರುವರಿ ೩೦

ನಾನು ಸಿದ್ಧಲಿಂಗವ್ವ, ಗಾಣದ ಓಣಿಯ ದೀಪದ ಹಿರಿಯಳು. ನನಗಿಂತ ಮೊದಲು ನನ್ನ ಅತ್ತೆ, ಅವರಿಗಿಂತ ಮೊದಲು ಅವರ ಅತ್ತೆ ಈ ಸ್ಥಾನದಲ್ಲಿದ್ದರು. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಈ ಓಣಿಯಲ್ಲಿ ನನ್ನ ಮಾತಿಗೆ ಎದುರಾಡಿದವರಿಲ್ಲ. ಇನ್ನೂರು ವರ್ಷ ಹಿಂದಿರುವ ನಿಮಗೆ, ನಮ್ಮ ಹಿರಿಯರಿಗೆ, ಬರೆಯುತ್ತಿದ್ದೇನೆ. ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ತಾರೀಖು ನೋಡಿ ನಗಲೂ ಬೇಡಿ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ಫೆಬ್ರುವರಿಗೂ ಮೂವತ್ತು ದಿನ ಬಂದಿವೆ. ಕೆಲವು ಪದಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹೇಳಬೇಕಾದ ಸಂಗತಿ ಮಾತ್ರ ನಿಮಗೆ ಪರಿಚಯದ್ದೇ.

ನಮ್ಮದು ಶ್ರೀಮಂತ ದೇಶ. ನೀವು ಶಪಿಸುತ್ತಿದ್ದ ಬಿಸಿಲನ್ನೇ ನಾವು ಹೊರದೇಶಗಳಿಗೆ ಮಾರುತ್ತೇವೆ. ರಾಯಚೂರಿನಿಂದ ಈಚೆಗೆ ಕಣ್ಣು ಹಾಯುವಷ್ಟು ದೂರ ಬಿಸಿಲಹಾಸು, ಅಂದರೆ ಬಿಸಿಲು ಕುಡಿದು ವಿದ್ಯುತ್ತು ಕೊಡುವ ಗಾಜಿನ ನೆಲ. ಜೋಳ ಬೆಳೆಯುವುದು ಬೆಳೆಮಾಳಿಗೆಗಳಲ್ಲಿ. ಎತ್ತರದ ಕಟ್ಟಡ, ಅಂತಸ್ತಿಗೊಂದು ಹೊಲ. ಮಳೆ ಬಂದರೂ ಬಾರದಿದ್ದರೂ ಉಗ್ರಾಣ ತುಂಬಿರುತ್ತದೆ. ಹೊರದೇಶದ ಅತಿಥಿಗಳನ್ನು ಸಂಜೆ ಹೊತ್ತು ನಮ್ಮ ಓಣಿಗಳಿಗೆ ಕರೆತಂದು ಉಂಡ ದೀಪಗಳನ್ನು ತೋರಿಸುತ್ತಾರೆ.

ಮನೆಯವರೆಲ್ಲ ಉಂಡ ಮೇಲೆ ಬಾಗಿಲ ಪಕ್ಕದ ಗೂಡಿನಲ್ಲಿ ಹಚ್ಚುವ ದೀಪ ಅದು. ನಿಮ್ಮಿಂದಲೇ ಬಂದದ್ದು. ನೀವು ಎದುರಾದವರನ್ನೆಲ್ಲ 'ಊಟ ಆಯ್ತಾ?' ಎಂದು ಕೇಳುತ್ತಿದ್ದಿರಿ. ಉಂಡಿರಲಿ, ಇಲ್ಲದಿರಲಿ, ಅವರು 'ಆಯ್ತು' ಎನ್ನುತ್ತಿದ್ದರು. ನೀವು ಮುಂದೆ ಹೋಗುತ್ತಿದ್ದಿರಿ. ಆ 'ಆಯ್ತು' ಎಂಬ ಉತ್ತರವನ್ನೇ ನಾವು ದೀಪ ಮಾಡಿಕೊಂಡೆವು. ಯಾವುದಾದರೂ ಬಾಗಿಲಲ್ಲಿ ದೀಪ ಹತ್ತದಿದ್ದರೆ ಆ ಓಣಿಗೆ ಪೊರೆಬಂಡಿ, ಅಂದರೆ ಸರ್ಕಾರದ ಅಡುಗೆ ಬಂಡಿ, ಬರಬೇಕು. ಯಾರು ತಟ್ಟೆ ಹಿಡಿದರೂ ಬಡಿಸಬೇಕು. ಕಾಯಿದೆ ಒಳ್ಳೆಯದೇ. ಆದರೆ ಬಂಡಿ ಬಂದ ಓಣಿಯ ಬಾಯಲ್ಲಿರುವ 'ತುಂಬಿದ ಓಣಿ' ಎಂಬ ಹಿತ್ತಾಳೆ ಫಲಕವನ್ನು ಕಿತ್ತುಕೊಂಡು ಹೋಗುತ್ತಾರೆ. ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ನಮ್ಮ ಮನೆಯ ಹಕ್ಕು. ಪೊರೆಬಂಡಿ ಹೇಗಿರುತ್ತದೆಂದು ಈ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಸಂಜೆ ಓಣಿ ಸುತ್ತುವುದು ನನ್ನ ಕೆಲಸ. ಹೊಸ್ತಿಲ ಹೊರಗೆ ನಿಂತು ಕೇಳಬೇಕು, ಉತ್ತರ ಕೇಳಿ ಮುಂದಿನ ಮನೆಗೆ ಹೋಗಬೇಕು. ಹೊಸ್ತಿಲು ದಾಟಿ ಒಲೆ ನೋಡುವುದು ಆ ಮನೆಗೆ ಮಾಡುವ ಅವಮಾನ. ಕೊನೆಯ ಮನೆ ಹುಲಿಗೆವ್ವನದು. ಬಿಸಿಲಹಾಸಿನ ದೂಳು ಒರೆಸುತ್ತಿದ್ದವಳು, ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ಮನೆಯಲ್ಲೇ ಇದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ಓಣಿಗೆಲ್ಲ ದೊಡ್ಡದು. ದಿನವೂ ಅವಳ ಮನೆಯಿಂದ ಸಾಸಿವೆ ಸಿಡಿಯುವ ಸದ್ದು, ಮೆಣಸಿನಕಾಯಿಯ ಘಾಟು.

"ಊಟ ಆತೇನಬೇ ಹುಲಿಗೆವ್ವ?"

"ಆತ್ರಿ ಯವ್ವಾ. ಇನ್ನೊಂದೀಟು ನಿಂತು ವಾಸನಿ ತಗೊಂಡ್ರ ನಿಮ್ಮದೂ ಆಗ್ತದ."

ನಾನು ನಗುತ್ತಿದ್ದೆ. ನಿನ್ನ ಒಗ್ಗರಣೆ ನನ್ನ ಸೊಸೆಗೂ ಕಲಿಸು ಎಂದಿದ್ದೆ.

ಮೊನ್ನೆ ದೀಪ ಹಚ್ಚಲು ಬಾಗಿಲಿಗೆ ಬಂದ ಹುಲಿಗೆವ್ವ ಗೂಡಿನ ಕೆಳಗೆ ಕುಸಿದುಬಿದ್ದಳು. ಅವಳನ್ನು ಒಳಗೆ ಮಲಗಿಸಲು ಹೊಸ್ತಿಲು ದಾಟಿದೆ. ಒಲೆಯ ಮೇಲೆ ಒಗ್ಗರಣೆ ಸೌಟು, ಅದರಲ್ಲಿ ಒಂದಿಷ್ಟು ಸಾಸಿವೆ, ಕರಕಾದ ಒಂದು ಮೆಣಸಿನಕಾಯಿ. ಆ ಒಗ್ಗರಣೆ ಹಾಕಲು ಬೇಳೆಯಿರಲಿಲ್ಲ, ಸಾರಿರಲಿಲ್ಲ. ಗಡಿಗೆಗಳನ್ನು ತೊಳೆದು ಬೋರಲು ಹಾಕಿದ್ದಳು. ಓಣಿಗೆ ವಾಸನೆ ಹೋಗಲೆಂದು ಅವಳು ದಿನವೂ ಬರೀ ಒಗ್ಗರಣೆ ಮಾಡುತ್ತಿದ್ದಳು.

ನನ್ನ ಸೊಸೆ ನೀಲಾಂಬಿಕೆ ಅಂಬಲಿ ತಂದಳು. ಹುಲಿಗೆವ್ವ ಕುಡಿದು ಎದ್ದು ಕೂತ ಮೇಲೆ ನಾನು ಗದರಿದೆ. "ಬಾಯಿ ಬಿಟ್ಟು ಹೇಳಾಕ ಏನಾಗಿತ್ತ ನಿನಗ?"

"ಹೇಳಿದ್ರ ದೀಪ ಹಚ್ಚಂಗಿಲ್ಲಲ್ರಿ. ನನ್ನ ಒಬ್ಬಾಕಿ ಹೊಟ್ಟಿ ಸಲುವಾಗಿ ಓಣಿ ಫಲಕ ಕೀಳಸ್ಲೇನು? ನೀವು ನೋಡಿದ್ರ ಅದನ್ನ ಹಲ್ಲು ತಿಕ್ಕಿದಂಗ ತಿಕ್ಕತೀರಿ."

ನಾಳೆಯಿಂದ ನಮ್ಮ ಮನೆಯ ಊಟ ಕಳಿಸುತ್ತೇನೆ ಎಂದೆ. ಕಳಿಸಿದರೆ ಬಾಗಿಲು ಹಾಕಿಕೊಳ್ಳುತ್ತೇನೆ ಎಂದಳು. ನಿನ್ನಂಥವರು ಇನ್ನೂ ಯಾರಿದ್ದಾರೆ ಎಂದು ಕೇಳಿದಾಗ ನಕ್ಕಳು.

"ಯಾರ ಮನಿ ಒಗ್ಗರಣಿ ಭಾಳ ಘಮ್ ಅಂತದೋ ಅಲ್ಲಿ ನೋಡ್ರಿ ಯವ್ವಾ."

ಓಣಿಯುದ್ದಕ್ಕೂ ನಡೆದು ಮನೆಗೆ ಬಂದೆ. ಪ್ರತಿ ಬಾಗಿಲಲ್ಲೂ ದೀಪ ಉರಿಯುತ್ತಿತ್ತು. ಎಂಥ ಘಮಘಮಿಸುವ ಓಣಿ ಎಂದು ಅತಿಥಿಗಳು ಹೊಗಳುವಾಗ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದವಳು ನಾನು. ಅಂದು ಅದೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಹುಲಿಗೆವ್ವನ ಮಾತು ನಿಜವಾದರೆ ಅರ್ಧ ಓಣಿ ಉಂಡಿರಲಿಲ್ಲ. ದೀಪ ಹಚ್ಚಬೇಡಿ ಎಂದು ನಾನು ಆಜ್ಞೆ ಮಾಡಬಹುದಿತ್ತು. ಆದರೆ ಮೊದಲು ಕತ್ತಲಾಗುವ ಬಾಗಿಲು ತನ್ನದಾಗಲಿ ಎಂದು ಯಾವ ಬಡವಿಯೂ ಒಪ್ಪುತ್ತಿರಲಿಲ್ಲ.

ಹಿರಿಯರೇ, ನಿಮ್ಮಲ್ಲಿ ಒಂದು ಕೇಳಿಕೆ. ಊಟ ಆಯ್ತಾ ಎಂದು ಕೇಳುವ ರೂಢಿ ಬಿಡಬೇಡಿ. ಆದರೆ ಉತ್ತರ ಕೇಳಿದ ಕೂಡಲೇ ಹೊರಡಬೇಡಿ. ನಿಮ್ಮ ದೇಶವೂ ಆಗಲೇ ಸಿರಿವಂತವಾಗುತ್ತಿತ್ತು ಎಂದು ಶಾಲೆಯಲ್ಲಿ ಓದಿದ್ದೆ. ಬರಗಾಲದಲ್ಲಿ 'ಹಸಿವು' ಎನ್ನಲು ಯಾರೂ ನಾಚುವುದಿಲ್ಲ. ಉಗ್ರಾಣ ತುಂಬಿದ ನಾಡಿನಲ್ಲಿ ಹಸಿದವಳಿಗೆ ತಾನೇ ಏನೋ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಇದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಅತ್ತೆಯವರಿದ್ದಾಗ ತಿಳಿದಿದ್ದರೆ ಎಷ್ಟು ಹೊಟ್ಟೆಗಳು ತುಂಬುತ್ತಿದ್ದವೋ.

ನಿನ್ನೆ ಬೆಳಿಗ್ಗೆಯಿಂದ ನಾನು ಉಣ್ಣಲಿಲ್ಲ. ಉಂಡೂ ದೀಪ ಹಚ್ಚದಿದ್ದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ಸಂಜೆ ಸೊಸೆ ಬತ್ತಿ ಹೊಸೆದು ತಂದು ಕೈಯಲ್ಲೇ ಹಿಡಿದು ನಿಂತಳು.

"ಅತ್ತಿ, ಹಿರೇರ ಮನಿನ ಕತ್ತಲಾದ್ರ ಫಲಕ ಉಳೀತದೇನ್ರಿ?"

"ಫಲಕ ನಾನ ಬಿಚ್ಚಿ ತಂದೀನಿ. ಒಳಗ ಜೋಳದ ಡಬ್ಬಿ ಮ್ಯಾಲ ಐತಿ, ಮುಚ್ಚಳಕ್ಕಾಗ್ತದ."

ಕತ್ತಲಾಯಿತು. ಜನ ಬಾಗಿಲಿಗೆ ಬಂದು ನಮ್ಮ ಬರಿದಾದ ಗೂಡನ್ನು ನೋಡುತ್ತ ನಿಂತರು. ಪೊರೆಬಂಡಿ ಗಂಟೆ ಬಾರಿಸುತ್ತ ಬಂತು. ಯಾರೂ ಹೊಸ್ತಿಲು ಬಿಟ್ಟು ಇಳಿಯಲಿಲ್ಲ. ನಾನು ತಲೆಗೆ ಸೆರಗು ಹೊದ್ದು, ಮದುವೆಯ ಕಂಚಿನ ತಟ್ಟೆ ಹಿಡಿದು, ಓಣಿಯ ನಡುವೆ ನಡೆದು ಹೋಗಿ ಬಂಡಿಯ ಮುಂದೆ ನಿಂತೆ. ಬಡಿಸುವವನಿಗೆ ನನ್ನ ಗುರುತಿತ್ತು. ಸೌಟು ಹಿಡಿದುಕೊಂಡೇ ಗಾಬರಿಯಿಂದ ಕೇಳಿದ: "ನಿಮ್ಮದ ಊಟ ಆಗಿಲ್ಲೇನ್ರಿ ಯವ್ವಾ?"

ಕೊನೆಯ ಮನೆಗೂ ಕೇಳುವಂತೆ ಹೇಳಿದೆ: "ಇಲ್ಲಪಾ, ಆಗಿಲ್ಲ."