ಇನ್ನು ಅತ್ತೆಯ ಸರದಿ

ಎಲ್ಕ್‌ಹಾರ್ನ್ ಹೊಳೆಯ ದಂಡೆ,
ನೆಬ್ರಾಸ್ಕ, ಅಮೆರಿಕ
೧೮೭೮, ಅಕ್ಟೋಬರ್ ೬, ಭಾನುವಾರ

ಪ್ರೀತಿಯ ಅತ್ತೆಮ್ಮಾ,

ದೇವರೂ ಮೇರಿಮಾತೆಯೂ ನಿಮ್ಮ ಒಲೆಯ ಪಕ್ಕದಲ್ಲೇ ಕೂತಿರಲಿ. ನಿಮ್ಮ ಮಂಡಿ ಹೇಗಿದೆ? ಕಡಲ ಗಾಳಿ ತಿರುಗಿದಾಗ ಎಡಮಂಡಿ ಈಗಲೂ ಮಳೆಯ ಸುದ್ದಿ ಮುಂಚಿತವಾಗಿ ಕೊಡುತ್ತದೆಯೇ, ಅಥವಾ ಅದೂ ನಿಮ್ಮ ಹಾಗೆ ಮೌನವ್ರತ ಹಿಡಿದು ಕೂತಿದೆಯೇ? ಕೆಂದ ಹಸು ಕರು ಹಾಕಿತೇ? ನಶ್ಯದ ಡಬ್ಬಿಯಲ್ಲಿ ನಶ್ಯವಿದೆಯೇ? ಇಷ್ಟೆಲ್ಲ ಕೇಳುತ್ತಿದ್ದೇನೆಯೇ ಹೊರತು ಉತ್ತರ ಬರುತ್ತದೆಂಬ ದುರಾಸೆ ನನಗಿಲ್ಲ. ಹೋದ ವರ್ಷದ ಈಸ್ಟರ್ ಹಬ್ಬದಿಂದ ನಾನು ಬರೆದ ಒಂದು ಕಾಗದಕ್ಕೂ ನೀವು ಮರುಮಾತು ಕಳಿಸಿಲ್ಲ. ಆದರೆ ಓದಿಸಿಕೊಳ್ಳುತ್ತೀರಿ ಎಂಬುದಕ್ಕೆ ಸಾಕ್ಷಿ ಉಂಟು. ನಿಮ್ಮ ಪಕ್ಕದ ಮನೆ ಕ್ಯಾಟಿ ಗಾಹನ್ ಒಮಾಹಾದಲ್ಲಿರುವ ತನ್ನ ಮಗಳಿಗೆ ಬರೆಸಿದ ಸುದ್ದಿ ನನಗೂ ಬಂದು ಮುಟ್ಟಿತು: "ಸಬೀನಾ ಕಾಗದ ಬಂದ್ರೆ ಅವಳ ಅತ್ತೆ ಉಸಿರೂ ಬಿಡದೆ ಕೇಳ್ತಾಳೆ. ಪೂರ್ತಿ ಮುಗಿದ ಮೇಲೆ ಶಾಲು ಕೊಡವಿ, ಯಾರು ಬರೆದದ್ದು ಇದು, ನಂಗೆ ಯಾವ ಸೊಸೆಯೂ ಇಲ್ಲವಲ್ಲ, ಅಂತಾಳೆ." ಸರಿ, ಇಲ್ಲದ ಸೊಸೆ ಇನ್ನೊಂದು ಕಾಗದ ಬರೆಯುತ್ತಿದ್ದಾಳೆ, ಕೇಳಿಸಿಕೊಳ್ಳಿ.

ಮೊಯ್ಲನ್ ಮಾಸ್ತರೇ, ಇದನ್ನು ಗಟ್ಟಿಯಾಗಿ ಓದುತ್ತಿರುವವರು ನೀವೇ ಎಂದು ಗೊತ್ತು, ನಿಮಗೂ ನಮಸ್ಕಾರ. ಅಮೆರಿಕದ ಕಾಗದ ಬಂತೆಂದರೆ ನಮ್ಮತ್ತೆಯ ಅಡಿಗೆಮನೆಯಲ್ಲಿ ಅರ್ಧ ಊರು ನೆರೆದಿರುತ್ತದೆ ಎಂದೂ ಗೊತ್ತು. ನೆರೆದವರೆಲ್ಲರಿಗೂ ನಮಸ್ಕಾರ. ಆದರೆ ಕೊನೆಯಲ್ಲಿ, ನನ್ನ ಸಹಿಯ ಕೆಳಗೆ, ನಾಲ್ಕು ಸಾಲು ಬೇರೆ ಇವೆ. ಅಲ್ಲಿಗೆ ಬಂದಾಗ ದಯವಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ. ಕ್ಯಾಟಿಯನ್ನು ಮೊದಲು ಕಳಿಸಿ, ಬಾಗಿಲ ಹಿಂದೆಯೂ ನೋಡಿ.

ಸುದ್ದಿಗೆ ಬರುತ್ತೇನೆ. ನನಗೀಗ ಸ್ವಂತ ಮನೆಯಾಯಿತು ಅತ್ತೆಮ್ಮಾ. ಮಣ್ಣಿನ ಮನೆ ಎಂದರೆ ನೀವು ನಗುತ್ತೀರಿ. ಹುಲ್ಲು ಬೇರು ಸಮೇತ ನೆಲವನ್ನೇ ಇಟ್ಟಿಗೆಯಂತೆ ಕೊಯ್ದು ಒಂದರ ಮೇಲೊಂದು ಪೇರಿಸಿದ ಮನೆ. ಈ ಬಯಲಲ್ಲಿ ಮರವೆಂಬುದು ಬಿಷಪ್ಪರ ಹಾಗೆ, ಇದೆಯೆಂದು ಕೇಳಿದ್ದೇವೆ, ಕಂಡವರು ಕಡಿಮೆ. ಮೊದಲ ವರ್ಷ ಪಕ್ಕದ ಜಮೀನಿನ ಹಾಲ್ವರ್, ನಾರ್ವೆ ದೇಶದವನು, ಹೀಗೆ ಮಣ್ಣು ಕೊಯ್ದು ಗುಡ್ಡೆ ಹಾಕುವುದನ್ನು ಕಂಡು ನನ್ನ ಎದೆ ತುಂಬಿ ಬಂತು. ಆಹಾ, ಇಲ್ಲೂ ನಮ್ಮೂರ ಜೌಗಿನ ಹಾಗೆ, ಒಣಗಿಸಿದರೆ ಕಟ್ಟಿಗೆಯಂತೆ ಉರಿಯುವ ಮಣ್ಣನ್ನು ಒಲೆಗೆ ಕೊಯ್ಯುತ್ತಾರೆ ಎಂದುಕೊಂಡೆ. ನಾನೂ ಸೊಂಟ ಬಿಗಿದು ಕೊಯ್ದೆ. ನೀವು ಕಲಿಸಿದಂತೆ ಒಂದಕ್ಕೊಂದು ಆನಿಸಿ, ಗಾಳಿಯಾಡುವಂತೆ ನಿಲ್ಲಿಸಿ, ಒಣಗಿಸಿ, ಮಗುಚಿ, ಮತ್ತೆ ಒಣಗಿಸಿದೆ. ಹಾಲ್ವರ್ ದಿನವೂ ಬೇಲಿಯ ಹತ್ತಿರ ಬಂದು ನಿಲ್ಲುವುದು, ಟೋಪಿ ತೆಗೆಯುವುದು, ತಲೆ ಕೆರೆಯುವುದು, ಟೋಪಿ ಹಾಕಿಕೊಂಡು ಹೋಗುವುದು. ಗೋಡೆಗೆ ಇಷ್ಟು ಉಪಚಾರ ಮಾಡುವ ಜನವನ್ನು ಆತ ಕಂಡಿರಲಿಲ್ಲ. ಕೊನೆಗೆ ಒಲೆಗಿಟ್ಟೆ. ಉರಿಯುವುದಿರಲಿ, ಕೆಂಪಗೂ ಆಗಲಿಲ್ಲ. ಮನೆ ತುಂಬ ಹೊಗೆ, ಹೊಗೆಯ ನಡುವಿನಿಂದ ಒಂದು ಹಾವು. ನಮ್ಮ ಐರಿಷ್ ನಾಡಿನಿಂದ ಸಂತ ಪ್ಯಾಟ್ರಿಕ್ ಓಡಿಸಿದ ಹಾವುಗಳೆಲ್ಲ ಎಲ್ಲಿಗೆ ಹೋದವು ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೆ. ಈಗ ವಿಳಾಸ ಸಿಕ್ಕಿತು. ಆಮೇಲೆ ಹಾಲ್ವರ್‌ನ ಹೆಂಡತಿ ಇಂಗೆಬೋರ್ಗ್ ಬಂದು, ಬಯಲಲ್ಲಿ ಒಣಗಿ ಬಿದ್ದ ಸಗಣಿಯನ್ನು ಆರಿಸಿ ಒಟ್ಟಿ ತೋರಿಸಿದಳು. ನಮ್ಮೂರಲ್ಲಿ ಸಗಣಿ ಹೊಲಕ್ಕೆ, ಮಣ್ಣು ಒಲೆಗೆ. ಇಲ್ಲಿ ಮಣ್ಣು ಗೋಡೆಗೆ, ಸಗಣಿ ಒಲೆಗೆ. ಇಷ್ಟು ತಿಳಿದರೆ ಅಮೆರಿಕ ಅರ್ಧ ತಿಳಿದಂತೆ.

ಹಾಲ್ವರ್ ಎಂಬ ಹೆಸರು ಕೇಳಿದೊಡನೆ ನೀವು ಮಾಸ್ತರರ ಕಡೆ ಹೇಗೆ ಹುಬ್ಬು ಹಾರಿಸಿದಿರೆಂದು ಇಲ್ಲಿಂದಲೇ ಕಾಣುತ್ತಿದೆ. ಹುಬ್ಬು ಕೆಳಗಿಳಿಸಿ. ಇಂಗೆಬೋರ್ಗ್ ನನಗಿಂತ ಒಂದು ತಲೆ ಎತ್ತರ, ಕೊಡಲಿಯನ್ನು ನಾವು ಸೌಟು ಹಿಡಿದಂತೆ ಹಿಡಿಯುತ್ತಾಳೆ. ಅವಳ ಗಂಡ ಅವಳಿಗೇ ಇರಲಿ. ನನಗೆ ನನ್ನ ಗಂಡನ ಯೋಚನೆಯೇ ಸಾಕಷ್ಟಿತ್ತು.

ಜಮೀನು ಬರೆಸಿಕೊಳ್ಳಲು ಹೋದ ದಿನದ ಮಾತು ಹೇಳುತ್ತೇನೆ. ಇಲ್ಲಿ ವಿಧವೆ ತನ್ನ ಹೆಸರಿನಲ್ಲೇ ಜಮೀನು ಹಿಡಿಯಬಹುದು. ಐದು ವರ್ಷ ಅಲ್ಲೇ ಬಾಳಿ, ಉತ್ತು ಬಿತ್ತಿ ತೋರಿಸಿದರೆ ನೆಲ ನಮ್ಮದು; ನಮ್ಮನ್ನು ಎತ್ತಿ ಹೊರಗೆ ಹಾಕಲು ಜಮೀನ್ದಾರನಿಲ್ಲ, ಅವನ ಕಾರಕೂನನೂ ಇಲ್ಲ. ಕಚೇರಿಯ ಗುಮಾಸ್ತ ತಲೆಯೆತ್ತದೆ, "ಗಂಡ ಎಲ್ಲಮ್ಮ?" ಎಂದ. "ರೈಲು ಹಳಿ ಪಕ್ಕ ಮಲಗಿದಾರೆ" ಎಂದೆ. ಐರಿಷ್ ಜನ ಎಂದರೆ ಕುಡುಕರೆಂದು ಇಲ್ಲಿಯವರ ಲೆಕ್ಕ. "ಎದ್ದ ಮೇಲೆ ಕರ್ಕೊಂಡ್ ಬಾ" ಎಂದ. "ಅವರು ಏಳೋದಿಲ್ಲ ಸ್ವಾಮಿ" ಎಂದೆ. ಆಗ ಆತ ತಲೆಯೆತ್ತಿ ನನ್ನ ಕರಿಯ ಶಾಲು ನೋಡಿದ. ಎದ್ದು ನಿಂತು ಕುರ್ಚಿ ಕೊಟ್ಟ. ಕಾಗದವನ್ನು ತಾನೇ ಪೂರ್ತಿ ಬರೆದ. ಮನೆಗೆ ಬಂದು ಬಾಗಿಲು ಹಾಕಿದೆ. ನನ್ನ ಹೆಸರಲ್ಲಿ ನೆಲವಿದೆ. ನನ್ನ ಫೆಸ್ಟಸ್ ಮಾತ್ರ ಯಾರದೋ ನೆಲದಲ್ಲಿದ್ದಾನೆ ಎಂಬುದು ಆ ದಿನ ಮೊದಲ ಬಾರಿಗೆ ಮನಸ್ಸಿಗೆ ನಾಟಿತು.

ನಿಮ್ಮ ಮೌನ ಶುರುವಾದದ್ದೂ ಆ ಯಾರದೋ ನೆಲದಿಂದಲೇ. ನಿಮ್ಮ ಮಗ ಹಳಿ ರಿಪೇರಿಯ ತಂಡದಲ್ಲಿದ್ದ. ನಾನು ಒಮಾಹಾದಲ್ಲಿ ಬಟ್ಟೆ ಒಗೆಯುತ್ತಿದ್ದೆ. ಜ್ವರ ಬಂದ ಸುದ್ದಿಯೂ ಹೋದ ಸುದ್ದಿಯೂ ಒಟ್ಟಿಗೇ ಬಂದವು, ಅಷ್ಟರಲ್ಲಿ ಜೊತೆಗಾರರು ಅವನನ್ನು ಹಳಿಯ ಪಕ್ಕದಲ್ಲೇ ಮಣ್ಣು ಮಾಡಿಯಾಗಿತ್ತು. ಪಾದ್ರಿ ಇಲ್ಲ, ಹೆಂಗಸರಿಲ್ಲ, ಹಾಡಿ ಅಳುವವರಿಲ್ಲ. ನಾನು ಬರೆದೆ. ನೀವು ಮಾಸ್ತರರಿಂದ ಬರೆಸಿದ ಒಂದೇ ಉತ್ತರ ನನ್ನ ಹತ್ತಿರ ಇದೆ, ಇಲ್ಲದಿದ್ದರೂ ಬಾಯಿಗೆ ಬರುತ್ತದೆ: "ಯಾರೂ ಹಾಡಿ ಅಳದೆ ಇಟ್ಟ ನನ್ನ ಮಗ ಇನ್ನೂ ಮಣ್ಣಿಗೆ ಹೋಗಿಲ್ಲ. ಅವನಿನ್ನೂ ದಾರೀಲೇ ನಿಂತಿದಾನೆ." ಅಷ್ಟೇ. ಆಮೇಲೆ ನಿಮಗೆ ಸೊಸೆ ಇಲ್ಲ. ನಿಮ್ಮ ಸಿಟ್ಟು ಸುಳ್ಳಲ್ಲ. ನಮ್ಮ ಊರಿನಲ್ಲಿ ಯಾರು ಸತ್ತರೂ ಮೊದಲು ನಿಮಗೆ ಕರೆ ಬರುತ್ತಿತ್ತು. ಹೆಣದ ತಲೆಯ ಹತ್ತಿರ ಕೂತು ನೀವು ಮುಂದೆ ಹಿಂದೆ ತೂಗುತ್ತ ಹಾಡು ಎತ್ತಿದರೆ, ಬದುಕಿದ್ದಾಗ ಅವನ ಮುಖ ನೋಡದ ದಾಯಾದಿಯೂ ಮೂಗು ಒರೆಸುತ್ತಿದ್ದ. ಜಿಪುಣ ಮಾರ್ಟಿನ್ ಸತ್ತಾಗ ನೀವು ಅವನ ದಾನಬುದ್ಧಿಯನ್ನು ಹಾಡಿ ಹೊಗಳಿದ್ದಕ್ಕೆ ಅವನ ಹೆಂಡತಿ ಪೆಟ್ಟಿಗೆಯೊಳಗೆ ಬಗ್ಗಿ, ಇವನು ನನ್ನ ಗಂಡನೇ ಹೌದೇ ಎಂದು ನೋಡಿದಳಂತೆ. ಅಂಥ ಬಾಯಿಯ ಮಗನಿಗೆ ಒಂದು ಸಾಲಿನ ಅಳುವಿಲ್ಲ.

ನನಗಾದರೂ ಬರುತ್ತಿತ್ತೇ? ನೀವು ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದೆ, ನೆನಪಿದೆಯೇ? ಕೈಯಲ್ಲಿದ್ದ ಸೌಟು ಎತ್ತಿದಿರಿ. "ಸೊಸೆಗೆ ಅಳೋ ಹಾಡು ಕಲಿಸೋದು ಅಂದ್ರೆ ನನ್ನ ಮಗನಿಗೆ ಪೆಟ್ಟಿಗೆ ಮಾಡಿಸಿ ಇಟ್ಕೊಂಡ ಹಾಗೆ ಕಣೇ. ಹೋಗು, ಮಜ್ಜಿಗೆ ಕಡಿ." ನಾನು ಮಜ್ಜಿಗೆ ಕಡಿದೆ.

ಹೋದ ತಿಂಗಳ ಕೊನೆಯಲ್ಲಿ, ಹಳಿಯ ಪಕ್ಕ ಇನ್ನೊಂದು ಹಳಿ ಬರುತ್ತದೆ, ಚಳಿಗಾಲಕ್ಕೆ ಮುಂಚೆ ನೆಲ ಅಗೆಯುತ್ತಾರೆ ಎಂಬ ಸುದ್ದಿ ಬಂತು. ನನಗೆ ಎರಡು ದಿನ ಊಟ ಸೇರಲಿಲ್ಲ. ದಾರಿಯಲ್ಲಿ ನಿಂತಿದ್ದಾನೆ ಎಂದಿರಲ್ಲ, ಇನ್ನು ಆ ದಾರಿಯ ಮೇಲೆ ರೈಲು ಬೇರೆ ಓಡುತ್ತದೆ ಎಂದು. ಹಾಲ್ವರ್‌ಗೆ ನನ್ನ ಭಾಷೆ ಅರ್ಧ ತಿಳಿಯುತ್ತದೆ. ಪೂರ್ತಿ ಹೇಳುವ ಮೊದಲೇ ಅವನು ಬಂಡಿಗೆ ಎತ್ತು ಹೂಡಿದ. ಎರಡು ದಿನದ ದಾರಿ. ಅಲ್ಲಿ ಕಲ್ಲಿಲ್ಲ, ಶಿಲುಬೆ ಇಲ್ಲ. ಗುರುತಿಗೆ ಹಳಿಯ ಕೆಳಗೆ ಹಾಕುವ ಹಳೆಯ ತೊಲೆಗಳನ್ನು ನೆಟ್ಟಿದ್ದರು, ಅಕ್ಕಪಕ್ಕ ಮೂರು. ಅಗೆದು ನೋಡಿದೆವು; ಮಧ್ಯದ್ದು ನಿಮ್ಮ ಮಗ. ಅಂಗಿಯ ಎದೆಯ ಜೇಬಿನಲ್ಲಿ ಅವನ ಮಣ್ಣಿನ ಚಿಲುಮೆ ಇತ್ತು, ಮುರಿದ ಕಡೆ ನಾನೇ ದಾರ ಸುತ್ತಿದ್ದು. ಸತ್ತ ಮೇಲೂ ಹೊಸ ಚಿಲುಮೆ ಕೊಳ್ಳಲಿಲ್ಲ ನೋಡಿ, ಲವೆಲ್ ವಂಶದ ಮರ್ಯಾದೆ ಉಳಿಸಿದ. ಉಳಿದದ್ದನ್ನು ನಾನು ಬರೆಯುವುದಿಲ್ಲ. ನನ್ನ ಮದುವೆಯ ಹೊದಿಕೆಯಲ್ಲಿ ಸುತ್ತಿದೆ. ಹಾಲ್ವರ್ ತನ್ನ ಬಂಡಿಯ ಹಲಗೆಗಳನ್ನೇ ಕಿತ್ತು ಪೆಟ್ಟಿಗೆ ಮಾಡಿದ. ವಾಪಸು ಬರುವಾಗ ಅವನು ಎರಡು ದಿನವೂ ಬರಿಯ ಅಚ್ಚಿನ ಮೇಲೆ ಕೂತು ಬಂಡಿ ಹೊಡೆದ.

ಮೊನ್ನೆ ಶುಕ್ರವಾರ ಮನೆಯ ಹಿಂದಿನ ದಿಬ್ಬದಲ್ಲಿ ಗುಂಡಿ ತೆಗೆದೆವು. ವರ್ಷಕ್ಕೆ ಎರಡು ಸಲ ಕುದುರೆಯೇರಿ ಬರುವ ಪಾದ್ರಿಗಳು ನಮ್ಮ ಪುಣ್ಯಕ್ಕೆ ಆ ವಾರವೇ ಬಂದಿದ್ದರು. ನೀರು ಚಿಮುಕಿಸಿದರು, ಮಂತ್ರ ಹೇಳಿದರು. ಆಮೇಲೆ, ಅವರೂ ನಮ್ಮ ಕಡೆಯವರೇ, ಮುಂದೆ ಏನು ಆಗಬೇಕೆಂದು ಅವರಿಗೆ ಗೊತ್ತು. ಇಗರ್ಜಿಗೆ ಈ ಹಾಡುವ ಅಳು ಸೇರುವುದಿಲ್ಲವಲ್ಲ. ಆದ್ದರಿಂದ ಕುದುರೆಯ ಜೀನು ಸಡಿಲವಾಗಿದೆ ಎಂದು ಹೇಳಿ ಆಚೆ ತಿರುಗಿ ಅದನ್ನು ಬಿಗಿಯತೊಡಗಿದರು. ಆ ಜೀನನ್ನು ಅವರು ಬಿಗಿದಷ್ಟು ಹೊತ್ತಿನಲ್ಲಿ ಮೂರು ಕುದುರೆಗೆ ಜೀನು ಹಾಕಬಹುದಿತ್ತು. ಎಲ್ಲರೂ ನನ್ನ ಮುಖ ನೋಡಿದರು. ಹಾಡು ಎತ್ತಬೇಕಾದವಳು ನಾನು ಅತ್ತೆಮ್ಮಾ. ನಿಮ್ಮ ಹಾಡಿನ ಒಂದು ಸಾಲೂ ಬರಲಿಲ್ಲ. ವಂಶ ಹೇಳಬೇಕು, ಮನೆ ಹೇಳಬೇಕು, ಕೈಯ ಕೆಲಸ ಹೊಗಳಬೇಕು, ಅದೆಲ್ಲ ಗೊತ್ತು. ಹೇಗೆ ಎತ್ತಬೇಕೆಂದು ಗೊತ್ತಿಲ್ಲ. ಗಾಳಿ ಒಂದೇ ಸಮ ಬೀಸುತ್ತಿತ್ತು. ಬಾರ್ಬರಾ ನನ್ನ ಲಂಗ ಎಳೆದಳು. ನಿಮ್ಮ ಮೊಮ್ಮಗಳಿಗೆ ಈಗ ಹನ್ನೊಂದು. "ಅಮ್ಮಾ, ಅಪ್ಪ ಮನೆಗೆ ಬಂದ್ರೆ ಅಜ್ಜಿ ಏನೋ ಕೂಗ್ತಿದ್ರಲ್ಲ, ಅದನ್ನ ಹೇಳು" ಎಂದಳು.

ಅದು ಮಾತ್ರ ನನಗೆ ಗೊತ್ತಿತ್ತು. ಸಂಜೆ ಅವನು ತಡವಾಗಿ ಬಂದಾಗಲೆಲ್ಲ ನೀವು ಬಾಗಿಲಿನ ಮೇಲರ್ಧ ತೆಗೆದು, ಕೆಳಗಿನ ಅರ್ಧ ಬಾಗಿಲ ಮೇಲೆ ಮೊಳಕೈ ಊರಿ ನಿಂತು ಹೇಳುತ್ತಿದ್ದದ್ದು. ನನ್ನ ಬಾಯಿಂದ ನಿಮ್ಮ ದನಿ ಬಂತು. "ಬಂದ್ಯೇನೋ ದೊರೆ? ಯಾವ ಸೀಮೆ ರಾಜ್ಯಭಾರ ಮುಗಿಸ್ಕೊಂಡು ಬಂದೆ? ಆಲೂಗಡ್ಡೆ ಆರಿ ಕಲ್ಲಾಯ್ತು. ಬೂಟು ನೋಡು, ಅರ್ಧ ಮೇಯೋ ಸೀಮೆ ಕೆಸರು ಹೊತ್ಕೊಂಡು ಬಂದಿದೀಯ. ನಿನ್ನ ದಾರಿ ಕಾದು ಕಾದು ಹೆಂಗಸರ ಕಣ್ಣು ತೂತಾಯ್ತು, ನಿನಗೇನು. ಒಳಗೆ ಬಾ. ಬಾಗ್ಲು ಹಾಕ್ಬೇಕು, ಗಾಳಿ ಬರ್ತಿದೆ. ಒಳಗೆ ಬಾ ಮಗನೇ, ಒಳಗೆ ಬಾ." ಎರಡನೆಯ ಸಲ ಹೇಳುವಾಗ ಅದು ಮಾತಾಗಿ ಉಳಿದಿರಲಿಲ್ಲ. ನಾನು ಮುಂದೆ ಹಿಂದೆ ತೂಗುತ್ತಿದ್ದೆ. ಬಾರ್ಬರಾ "ಒಳಗೆ ಬಾ" ಎಂಬಲ್ಲಿ ದನಿ ಸೇರಿಸಿದಳು. ಹಾಲ್ವರ್ ಟೋಪಿ ಎದೆಗೊತ್ತಿಕೊಂಡು ನಿಂತಿದ್ದ. ಇಂಗೆಬೋರ್ಗ್, ಒಂದು ಮಾತೂ ಅರ್ಥವಾಗದವಳು, ಕಣ್ಣೀರು ಸುರಿಸುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದು, "ನಿಮ್ಮ ಜನದ ಪ್ರಾರ್ಥನೆ ಎಷ್ಟು ಚೆಂದ" ಎಂದು ಗಂಡನಿಂದ ಹೇಳಿಸಿದಳು. ಬೂಟಿನ ಕೆಸರಿನ ಪ್ರಾರ್ಥನೆ ಎಂದು ಹೇಳಲು ಮನಸ್ಸಾಗಲಿಲ್ಲ.

ಈಗ ಅವನು ನಮ್ಮ ನೆಲದಲ್ಲಿದ್ದಾನೆ. ಅಡಿಗೆಮನೆಯ ಕಿಟಕಿಯಿಂದ ದಿಬ್ಬ ಕಾಣುತ್ತದೆ. ಹೊಲದಲ್ಲಿ ಆಲೂಗಡ್ಡೆ ಚೆನ್ನಾಗಿ ಇಳಿದಿದೆ, ರೋಗವಿಲ್ಲ. ಮಾಸ್ತರರಿಗೆ, ಮಾಸ್ತರರ ಮೂಗಿನ ನೆಗಡಿಗೆ, ಕೆಂದ ಹಸುವಿಗೆ, ಕ್ಯಾಟಿಗೆ, ನಿಮ್ಮ ಎಡಮಂಡಿಗೆ ಪ್ರತ್ಯೇಕವಾಗಿ, ನನ್ನ ನಮಸ್ಕಾರಗಳು. ಬಾರ್ಬರಾ ಅಜ್ಜಿಗೆ ಮುತ್ತು ಕಳಿಸಿದ್ದಾಳೆ. ಸಂತ ಬ್ರಿಜಿಡ್ ತನ್ನ ಹಚ್ಚಡವನ್ನು ನಿಮ್ಮ ಮಾಡಿನ ಮೇಲೆ ಹಾಸಿರಲಿ, ನಿಮ್ಮ ಒಲೆಯ ಕೆಂಡ ಆರದಿರಲಿ.

ಇಂತು, ನಿಮಗಿಲ್ಲದ ಸೊಸೆ,
ಸಬೀನಾ ಲವೆಲ್

ಆ ನಾಲ್ಕು ಸಾಲು: ಮಾಸ್ತರೇ, ಎಲ್ಲರೂ ಹೊರಗೆ ಹೋದರೇ? ಬಾಗಿಲು ಹಾಕಿ, ಅವರ ಹತ್ತಿರ ಕೂತು ಮೆಲ್ಲಗೆ ಓದಿ. ಅತ್ತೆಮ್ಮಾ, ಪದ್ಧತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಹೆಣದ ಆ ಕಡೆ ಹೆಂಡತಿ, ಈ ಕಡೆ ತಾಯಿ. ಹೆಂಡತಿ ಒಂದು ಚುಚ್ಚುಮಾತು ಹಾಡಿ ಎಸೆದರೆ ತಾಯಿ ತಿರುಗಿ ಹಾಡಬೇಕು; ಹಾಡದಿದ್ದರೆ ಅಳು ಮುಗಿಯುವುದಿಲ್ಲ. ಶುಕ್ರವಾರ ಕೊನೆಯಲ್ಲಿ ನಾನು ನಿಮ್ಮ ಮೇಲೆ ಒಂದು ಎಸೆದಿದ್ದೇನೆ. "ಫೆಸ್ಟಸ್, ನಿನ್ನ ಹೆತ್ತವಳು ಎಲ್ಲಿ? ಊರ ಹೆಣಕ್ಕೆಲ್ಲ ಓಡಿದವಳು ನಿನಗೆ ಬರಲಿಲ್ಲ. ನಶ್ಯ ಏರಿಸಿ, ಬಾಗಿಲು ಎಳೆದುಕೊಂಡು, ಸೊಸೆಯ ಮೇಲೆ ಮುನಿದು ಕೂತಿದ್ದಾಳೆ." ಅಲ್ಲಿಗೆ ನಿಲ್ಲಿಸಿದೆ. ಪಾದ್ರಿಗಳೂ ಜೀನು ಬಿಟ್ಟು ತಿರುಗಿ ನೋಡಿದರು. ಗುಂಡಿ ಮುಚ್ಚಿದೆವು, ಅಳು ಮುಗಿದಿಲ್ಲ. ಮುಗಿಸುವುದು ನನ್ನ ಕೈಯಲ್ಲಿಲ್ಲ. ಕಾಗದದಲ್ಲಿ ಬರೆಸಬೇಡಿ. ಈ ಸಂಜೆಯೇ ಅರ್ಧ ಬಾಗಿಲ ಹತ್ತಿರ ನಿಲ್ಲಿ, ಕಡಲಿನ ಕಡೆ ಮುಖ ಮಾಡಿ, ನಾವು ಇರುವುದು ಅದೇ ದಿಕ್ಕಿನಲ್ಲಿ. ನನ್ನನ್ನು ಎಷ್ಟು ಬೇಕಾದರೂ ಚುಚ್ಚಿ, ತಡೆದುಕೊಳ್ಳುತ್ತೇನೆ. ಆಯಿತೆಂದು ಮಾತ್ರ ಮಾಸ್ತರರಿಂದ ಒಂದು ಸಾಲು ಹಾಕಿಸಿ. ಹಾಡಲು ಗಂಟಲು ಬರದಿದ್ದರೆ ಬರೀ ಬೈಯಿರಿ ಅತ್ತೆಮ್ಮಾ. ಅವನಿಗೆ ಗುರುತು ಸಿಗುತ್ತದೆ.